ಎಷ್ಟು ಹವಳ, ಎಷ್ಟು ತಳಿ

ಮಯಾಮಿ
16 ನವೆಂಬರ್ 2025

ಪ್ರೀತಿಯ ಚಿಕ್ಕಪ್ಪನಿಗೆ,

ಚಿಕ್ಕಮ್ಮನ ಮಂಡಿನೋವಿಗೆ ಹೊಸ ಡಾಕ್ಟರು ಕೊಟ್ಟ ಮಾತ್ರೆ ಗುಣ ಕೊಟ್ಟಿತೇ? ಮರೆಯದೆ ತಿಳಿಸಿ.

ಹೋದ ವಾರ ಫೋನಿನಲ್ಲಿ ನೀವೊಂದು ಪ್ರಶ್ನೆ ಕೇಳಿದಿರಿ. "ಹವಳ ಮುರಿದು ನೆಟ್ಟರೆ ಬೆಳೆಯುತ್ತೆ ಅಂತ ನೀನೇ ಹೇಳ್ತಿದ್ದೆ. ಸಾವಿರಗಟ್ಟಲೆ ನೆಟ್ಟಿದಾರೆ ಅಂತಾನೂ ಹೇಳ್ತಿದ್ದೆ. ಮತ್ತೆ ಫ್ಲಾರಿಡಾದಲ್ಲಿ ಹವಳ ಮುಗಿದೇ ಹೋಯ್ತು ಅಂತ ಪೇಪರಲ್ಲಿ ಯಾಕಮ್ಮ ಬಂದಿದೆ?" ಅಂದಿರಿ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಲೈನು ಇದ್ದಿದ್ದರೂ ಅದು ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲ. ನಾನು ದಿನಾ ಮಾಡುವ ಕೆಲಸದ ತಿರುಳೇ ಆ ಪ್ರಶ್ನೆಯಲ್ಲಿದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಪೇಪರಿನಲ್ಲಿ ಬಂದದ್ದು ಇಲ್ಲಿನ ಎಲ್ಲ ಹವಳಗಳ ವಿಷಯವಲ್ಲ, ಎರಡು ಜಾತಿಗಳದ್ದು ಮಾತ್ರ. ಒಂದರ ಹೆಸರು ಎಲ್ಕ್‌ಹಾರ್ನ್, ಇನ್ನೊಂದರದು ಸ್ಟ್ಯಾಗ್‌ಹಾರ್ನ್. ಎರಡೂ ಅಕ್ರೊಪೊರಾ ಕುಲದವು, ಕವಲೊಡೆದು ಬೆಳೆಯುವಂಥವು. ಎಲ್ಕ್‌ಹಾರ್ನಿನ ಕವಲು ಅಗಲ, ಸ್ಟ್ಯಾಗ್‌ಹಾರ್ನಿನದು ಸಪೂರ. ಬೇರೆ ಹವಳಗಳು ವರ್ಷಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಬೆಳೆದರೆ ಇವು ಸೆಂಟಿಮೀಟರುಗಳ ಲೆಕ್ಕದಲ್ಲಿ ಬೆಳೆಯುತ್ತವೆ. ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳ ಆಳವಿಲ್ಲದ ಭಾಗವನ್ನು ಸಾವಿರಾರು ವರ್ಷಗಳಿಂದ ಕಟ್ಟುತ್ತ ಬಂದಿರುವುದು ಮುಖ್ಯವಾಗಿ ಇವೇ. ಚಂಡಮಾರುತದ ಅಲೆ ದಡಕ್ಕೆ ಬರುವ ಮೊದಲೇ ಈ ಕವಲುಗಳಿಗೆ ಬಡಿದು ಒಡೆಯುತ್ತದೆ. ಮರಿಮೀನು, ಸಿಗಡಿ, ಏಡಿಗಳಿಗೆ ಇವುಗಳ ಸಂದೇ ಮನೆ.

1970ರ ದಶಕದ ಕೊನೆಯಿಂದ ಇವಕ್ಕೊಂದು ಕಾಯಿಲೆ ಹತ್ತಿತು. ಕವಲಿನ ಬುಡದಿಂದ ಬಿಳಿ ಪಟ್ಟಿಯೊಂದು ಮೇಲೇರುತ್ತ, ಹಿಂದೆ ಬರೀ ಸುಣ್ಣದ ಅಸ್ಥಿಯನ್ನು ಬಿಟ್ಟುಹೋಗುವ ಕಾಯಿಲೆ ಅದು. ಹೆಸರೂ ಹಾಗೇ, ವೈಟ್ ಬ್ಯಾಂಡ್. ಬಹಳಷ್ಟು ಕಡೆ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಹವಳ ಸತ್ತವು. 2006ರಲ್ಲಿ ಅಮೆರಿಕ ಸರ್ಕಾರ ಈ ಎರಡನ್ನೂ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಹವಳ ಸೇರಿದ್ದು ಅದೇ ಮೊದಲು. ಆ ಹೊತ್ತಿಗಾಗಲೇ ಇಲ್ಲಿನ ಕೆಲವರು ಉಳಿದ ಹವಳದ ತುಂಡುಗಳನ್ನು ತಂದು ನೀರೊಳಗೆ ನರ್ಸರಿ ಮಾಡತೊಡಗಿದ್ದರು. ಪಿವಿಸಿ ಪೈಪಿನ ಚೌಕಟ್ಟನ್ನು ಮರಳಿಗೆ ಕಟ್ಟಿ ನೀರಿನಲ್ಲಿ ತೇಲಿಬಿಡುತ್ತಾರೆ. ಅದರ ಅಡ್ಡಪೈಪುಗಳಿಗೆ ಬೆರಳುದ್ದದ ತುಂಡುಗಳನ್ನು ನೈಲಾನ್ ದಾರದಲ್ಲಿ ನೇತುಹಾಕುತ್ತಾರೆ. ಸುತ್ತ ನೀರು ಆಡುವುದರಿಂದ ತುಂಡು ಬೇಗ ಬೆಳೆಯುತ್ತದೆ. ಬೆಳೆದದ್ದನ್ನು ಮತ್ತೆ ಮುರಿದು ಬಂಡೆಗೆ ಅಂಟಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ್ದೂ ಇಂಥದೇ ಒಂದು ನರ್ಸರಿಗೆ.

ಆಮೇಲೆ 2023 ಬಂತು. ಆ ಜುಲೈ 24ರಂದು ಇಲ್ಲಿನ ಮ್ಯಾನಟೀ ಕೊಲ್ಲಿಯ ತೇಲುಮಾಪಕದಲ್ಲಿ ನೀರಿನ ಬಿಸಿ 38.4 ಡಿಗ್ರಿ ಸೆಲ್ಸಿಯಸ್ ಎಂದು ದಾಖಲಾಯಿತು. ಅದು ಆಳವಿಲ್ಲದ ಕೊಲ್ಲಿ ಎನ್ನೋಣ. ಹವಳದ ದಿಬ್ಬಗಳ ಮೇಲೂ ಸರಾಸರಿ 40 ದಿನಕ್ಕಿಂತ ಹೆಚ್ಚು ಕಾಲ ನೀರು 31 ಡಿಗ್ರಿ ದಾಟಿ ನಿಂತಿತ್ತು. ನಿಮಗೆ ಗೊತ್ತಿರುವ ಹಾಗೆ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಉಣಿಸುತ್ತದೆ. ನೀರು ಕಾದಾಗ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಪಾಚಿ ಮರಳಿ, ಹವಳ ಚೇತರಿಸಿಕೊಳ್ಳುವುದೂ ಉಂಟು. 2023ರಲ್ಲಿ ಎಷ್ಟೋ ಕಡೆ ಬಿಳಿಚಿಕೊಳ್ಳುವುದಕ್ಕೂ ಪುರುಸೊತ್ತು ಸಿಗಲಿಲ್ಲ ಚಿಕ್ಕಪ್ಪ. ಬಣ್ಣ ಇದ್ದ ಹಾಗೇ ಚರ್ಮ ಸಡಿಲವಾಗಿ, ನೀರು ಅಲುಗಿದ ಕಡೆಗೆಲ್ಲ ಎಳೆ ಎಳೆಯಾಗಿ ಕಳಚಿ ಹೋಗುತ್ತಿತ್ತು. ನಾನೇ ಕಟ್ಟಿದ ದಾರ ಗಟ್ಟಿಯಾಗಿತ್ತು, ಗಂಟೂ ಬಿಗಿಯಾಗಿತ್ತು, ಅದರ ತುದಿಯಲ್ಲಿ ಸುಣ್ಣದ ಕಡ್ಡಿ ಮಾತ್ರ ಉಳಿದಿತ್ತು. ನೀರಿನೊಳಗೆ ಅಳಲು ಆಗುವುದಿಲ್ಲ, ಮುಖಕ್ಕೆ ಹಾಕಿದ ಕನ್ನಡಿಯೊಳಗೆ ಕಣ್ಣೀರು ತುಂಬಿ ಏನೂ ಕಾಣದಂತಾಗುತ್ತದೆ. ಸಿಕ್ಕಷ್ಟನ್ನು ಕಿತ್ತು, ಡಬ್ಬಗಳಲ್ಲಿ ತುಂಬಿ, ದಡದ ತೊಟ್ಟಿಗಳಿಗೆ ಸಾಗಿಸಿದೆವು. ಬೇರೆ ಬೇರೆ ನರ್ಸರಿಗಳವರೂ ಅದನ್ನೇ ಮಾಡುತ್ತಿದ್ದರು.

ಅದರ ಪೂರ್ತಿ ಲೆಕ್ಕ ಹೊರಬಂದದ್ದು ಈ ಅಕ್ಟೋಬರಿನಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ. ನೀವು ಓದಿದ್ದು ಅದರ ಸುದ್ದಿ. 391 ಕಡೆ, 52,000ಕ್ಕೂ ಹೆಚ್ಚು ಹವಳಗಳನ್ನು ನೋಡಿ ಬರೆದದ್ದು. ಫ್ಲಾರಿಡಾ ಕೀಸ್ ದ್ವೀಪಸಾಲು ಮತ್ತು ಡ್ರೈ ಟೋರ್ಟುಗಾಸ್ ಭಾಗದಲ್ಲಿ ಈ ಎರಡು ಜಾತಿಗಳಲ್ಲಿ ನೂರಕ್ಕೆ 97.8ರಿಂದ 100ರಷ್ಟು ಸತ್ತಿವೆ. ಉತ್ತರಕ್ಕೆ, ನಾನಿರುವ ಈ ಕರಾವಳಿಯ ಕಡೆ ನೀರು ಸ್ವಲ್ಪ ತಂಪಿತ್ತು, ಇಲ್ಲಿ ಸತ್ತದ್ದು ನೂರಕ್ಕೆ 38ರಷ್ಟು. ಇಲ್ಲೊಂದು ಅಲ್ಲೊಂದು ಇನ್ನೂ ಉಸಿರಾಡುತ್ತಿವೆ, ತೊಟ್ಟಿಗಳಲ್ಲೂ ಇವೆ. ಆದರೆ ದಿಬ್ಬ ಕಟ್ಟುವುದು, ಮರಿ ಹುಟ್ಟಿಸುವುದು ಎಂಬ ಕೆಲಸ ಇನ್ನು ಅವುಗಳಿಂದ ತಾವಾಗಿ ಆಗುವುದಿಲ್ಲ. "ಮುಗಿದುಹೋಯ್ತು" ಎಂದು ಬರೆದದ್ದು ಆ ಅರ್ಥದಲ್ಲಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಷ್ಟೊಂದು ನೆಟ್ಟಿದ್ದೆವಲ್ಲ, ಅದೆಲ್ಲ ಏನಾಯಿತು?

ನಿಮಗಿಂತ ಚೆನ್ನಾಗಿ ಇದನ್ನು ಅರಿತವರು ಸಿಗಲಿಕ್ಕಿಲ್ಲ. ನಮ್ಮ ತೋಟದ ರಸಬಾಳೆಗೆ ಸೊರಗುರೋಗ ಬಂದಾಗ ಹಳೆ ಎಲೆಗಳ ಅಂಚು ಹಳದಿಯಾಗುತ್ತ ಬಂದು, ಎಲೆ ದಿಂಡಿಗೇ ಜೋತುಬಿದ್ದು, ಬುಡ ಸೀಳಿತ್ತು. ನೀವು ಕುಡುಗೋಲಿನಲ್ಲಿ ಗೆಡ್ಡೆ ಕತ್ತರಿಸಿ ಒಳಗಿನ ಕೆಂಪು ಗೆರೆಗಳನ್ನು ತೋರಿಸಿದ್ದಿರಿ. ಆಮೇಲೆ ಪಕ್ಕದ ತೋಟದಿಂದ, ಆಚೆ ಊರಿನಿಂದ ಕಂದು ತಂದು ನೆಟ್ಟರೂ ಅವೂ ಹಾಗೇ ಸೊರಗಿದವು. ಯಾಕೆಂದರೆ ಬಾಳೆಗೆ ಬೀಜವಿಲ್ಲ. ಯಾರ ತೋಟದ ಕಂದಾದರೂ ಅದು ಅದೇ ರಸಬಾಳೆ, ಒಂದೇ ಗಿಡದ ತುಂಡು. ಒಂದನ್ನು ಕೊಲ್ಲುವ ರೋಗಕ್ಕೆ ಎಲ್ಲವನ್ನೂ ಕೊಲ್ಲಲು ಅಡ್ಡಿಯೇ ಇಲ್ಲ. ನಂಜನಗೂಡಿನ ಸುತ್ತ ಎಕರೆಗಟ್ಟಲೆ ಇದ್ದ ತಳಿ ಅಳಿಯುವ ಅಂಚಿಗೆ ಬಂದದ್ದು ಹೀಗೆ. ಈಗ ನೀವು ಹಾಕಿರುವ ಜಿ-9 ಆ ರೋಗಕ್ಕೆ ಬಗ್ಗಿಲ್ಲ ನಿಜ, ಆದರೆ ಅದೂ ಒಂದೇ ಗಿಡದ ನಕಲು. ಅದನ್ನೂ ಕೊಲ್ಲುವ ರೋಗ ತೋಟಕ್ಕೆ ಬಂದರೆ ಮತ್ತೆ ಅದೇ ಕಥೆ.

ಹವಳಕ್ಕೆ ಎರಡು ದಾರಿ ಇದೆ. ಅಲೆ ಬಡಿದು ಕವಲು ಮುರಿದು ಬಿದ್ದರೆ ಬಿದ್ದಲ್ಲೇ ಕಚ್ಚಿಕೊಂಡು ಬೆಳೆಯುತ್ತದೆ. ಹೀಗೆ ಹರಡಿದ ನೂರು ಹವಳಗಳೂ ಒಳಗೆ ಒಂದೇ ತಳಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಇಲಿಯಾನಾ ಬಾಮ್ಸ್ ಅವರ ತಂಡ ಜೀನ್‌ಗಳಲ್ಲಿ ಕೂಡುತ್ತ ಬಂದ ಸಣ್ಣ ಬದಲಾವಣೆಗಳನ್ನು ಎಣಿಸಿ, ಹೀಗೆ ಮುರಿದು ಮುರಿದು ಬದುಕಿರುವ ಕೆಲವು ಎಲ್ಕ್‌ಹಾರ್ನ್‌ಗಳ ವಯಸ್ಸು 5,000 ವರ್ಷ ದಾಟಿರಬಹುದೆಂದು 2016ರಲ್ಲಿ ಲೆಕ್ಕ ಹಾಕಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಕಾಲ ಬಾಳಿದ ಜೀವ ಒಂದು ಬೇಸಗೆಯಲ್ಲಿ ಹೋಗುತ್ತದೆಯೇ? ಹೋಗುತ್ತದೆ. ನಾನು ನೋಡಿದ್ದೇನೆ.

ಇನ್ನೊಂದು ದಾರಿ ಮೊಟ್ಟೆ. ಎಲ್ಕ್‌ಹಾರ್ನ್ ವರ್ಷಕ್ಕೊಮ್ಮೆ, ಹೆಚ್ಚಾಗಿ ಆಗಸ್ಟಿನ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಮೊಟ್ಟೆ ಬಿಡುತ್ತದೆ. ಈಗ ತೊಟ್ಟಿಗಳಲ್ಲೂ ಬಿಡಿಸುತ್ತೇವೆ, ಸೂರ್ಯಾಸ್ತ ಮತ್ತು ಚಂದ್ರನ ಬೆಳಕನ್ನು ಎಲ್‌ಇಡಿ ದೀಪಗಳಲ್ಲಿ ಹೊರಗಿನ ಹಾಗೇ ಹೊಂದಿಸಿ. ಆ ರಾತ್ರಿ ನೀವಿರಬೇಕಿತ್ತು. ಕೋಣೆಯಲ್ಲಿ ಕೆಂಪು ಟಾರ್ಚ್ ಬಿಟ್ಟರೆ ಬೇರೆ ಬೆಳಕಿಲ್ಲ, ಯಾರೂ ಜೋರಾಗಿ ಮಾತಾಡುವುದಿಲ್ಲ. ಕತ್ತಲಾಗಿ ಎರಡು ಎರಡೂವರೆ ಗಂಟೆ ಕಳೆಯುವ ಹೊತ್ತಿಗೆ ಕವಲಿನ ಮೇಲಿನ ಒಂದೊಂದು ಪಾಲಿಪ್‌ನ, ಅಂದರೆ ಹವಳದ ಪುಟ್ಟ ಜೀವಿಯ, ಬಾಯಲ್ಲೂ ತಿಳಿಗುಲಾಬಿ ಚುಕ್ಕೆ ಕಾಣುತ್ತದೆ. ಅದೊಂದು ಸಣ್ಣ ಗಂಟು, ಒಳಗೆ ಮೊಟ್ಟೆಯೂ ವೀರ್ಯವೂ ಒಟ್ಟಿಗೇ ಇರುತ್ತವೆ. ಸ್ವಲ್ಪ ಹೊತ್ತು ಬಾಯಲ್ಲೇ ನಿಂತು, ಆಮೇಲೆ ಒಂದರ ಹಿಂದೊಂದು ಬಿಟ್ಟುಕೊಂಡು ಮೇಲಕ್ಕೆ ತೇಲುತ್ತವೆ. ನೀರಿನ ಮೇಲ್ಮೈಯಲ್ಲಿ ಗಂಟು ಬಿಚ್ಚಿ ಮೊಟ್ಟೆಗಳು ಚದುರುತ್ತವೆ. ಅಷ್ಟರೊಳಗೆ ನಾವು ಒಂದೊಂದು ತಳಿಯದನ್ನೂ ಬೇರೆ ಬೇರೆ ಲೋಟಗಳಿಗೆ ತುಂಬಿ, ಮೊಟ್ಟೆ ತೊಳೆದು, ಯಾವುದಕ್ಕೆ ಯಾವುದರ ವೀರ್ಯ ಎಂದು ಚೀಟಿ ಅಂಟಿಸಿ ಬೆರೆಸಬೇಕು.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಆ ಲೋಟಗಳಲ್ಲಿ. ಒಂದು ಲೋಟಕ್ಕೆ ಬೇರೆ ತಳಿಯ ವೀರ್ಯ ಹಾಕಿರುತ್ತೇವೆ. ಎರಡು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿರುತ್ತದೆ. ಪಕ್ಕದ ಲೋಟದಲ್ಲಿ ಅದೇ ಮೊಟ್ಟೆ, ಅದೇ ತಳಿಯ ವೀರ್ಯ. ಅಲ್ಲಿ ಬೆಳಗಿನವರೆಗೂ ಮೊಟ್ಟೆ ದುಂಡಗೆ ಇದ್ದಲ್ಲೇ ಇರುತ್ತದೆ. ಎಲ್ಕ್‌ಹಾರ್ನ್ ತನ್ನ ಮೊಟ್ಟೆಯನ್ನು ತನ್ನದೇ ವೀರ್ಯದಿಂದ ಫಲಗೊಳಿಸಿಕೊಳ್ಳುವುದು ತೀರ ಅಪರೂಪ. ಅಂದಮೇಲೆ ಒಂದು ದಿಬ್ಬದ ಮೇಲೆ ಐನೂರು ಹವಳ ನಿಂತಿದ್ದು ಐನೂರೂ ಒಂದೇ ತಳಿಯ ತುಂಡುಗಳಾಗಿದ್ದರೆ ಅವು ಎಷ್ಟು ಮೊಟ್ಟೆ ಬಿಟ್ಟರೂ ಹೆಚ್ಚುಕಡಿಮೆ ಒಂದು ಮರಿಯೂ ಹುಟ್ಟುವುದಿಲ್ಲ. ಬೇರೆ ತಳಿ ಇರುವ ದಿಬ್ಬ ಹತ್ತಾರು ಕಿಲೋಮೀಟರು ಆಚೆ ಇದ್ದರೆ ನೀರಿನಲ್ಲಿ ವೀರ್ಯ ತೆಳುವಾಗಿ ಚದುರಿ ವ್ಯರ್ಥವಾಗುತ್ತದೆ. ಫ್ಲಾರಿಡಾದಲ್ಲಿ ಬಹಳ ವರ್ಷಗಳಿಂದ ಆಗಿದ್ದು ಇದೇ. 2023ಕ್ಕೆ ಎಷ್ಟೋ ಮೊದಲೇ ಇಲ್ಲಿ ತಾವಾಗಿ ಹುಟ್ಟಿದ ಎಲ್ಕ್‌ಹಾರ್ನ್ ಮರಿ ಕಾಣುವುದು ನಿಂತೇಹೋಗಿತ್ತು ಅನ್ನಬಹುದು.

ನರ್ಸರಿ ಮಾಡಿದವರನ್ನು ದೂರುವ ಮನಸ್ಸು ನನಗಿಲ್ಲ. ಅವರು ಉಳಿಸದೇ ಇದ್ದಿದ್ದರೆ ಇವತ್ತು ತೊಟ್ಟಿಯಲ್ಲಿ ಇಡಲಿಕ್ಕೂ ಏನೂ ಇರುತ್ತಿರಲಿಲ್ಲ. ಆದರೆ ವರ್ಷಕ್ಕೆಷ್ಟು ನೆಟ್ಟೆವು ಎಂಬ ಸಂಖ್ಯೆಯನ್ನೇ ಹಣ ಕೊಡುವವರು ಕೇಳಿದರು, ನೆಡುವವರು ಅದನ್ನೇ ಎಣಿಸಿದರು. ಎಷ್ಟು ತಳಿ, ಯಾವ ತಳಿಯ ಪಕ್ಕ ಯಾವುದು ಎಂದು ಕೇಳಿದವರು ಕಡಿಮೆ. ಒಂದು ಕಡೆಯಿಂದ ಯಾವುದೋ 10 ಹವಳಗಳನ್ನು ಆರಿಸಿದರೆ ಅಲ್ಲಿನ ವೈವಿಧ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಮ್ಮ ಕೈಗೆ ಬರುತ್ತದೆ, 35 ಆರಿಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರುತ್ತದೆ ಎಂದು 2009ರಲ್ಲೇ ಒಂದು ಅಧ್ಯಯನ ತೋರಿಸಿತ್ತು.

ವೈವಿಧ್ಯ ಯಾಕೆ ಬೇಕು ಎಂಬುದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ. ಪನಾಮದಲ್ಲಿ 2008ರಲ್ಲಿ ಸ್ಟ್ಯಾಗ್‌ಹಾರ್ನ್‌ಗಳನ್ನು ಪರೀಕ್ಷಿಸಿದಾಗ ನೂರರಲ್ಲಿ 6 ತಳಿಗಳು ವೈಟ್ ಬ್ಯಾಂಡ್ ಕಾಯಿಲೆಗೆ ಜಗ್ಗಲಿಲ್ಲ. ಯಾರೂ ಆರಿಸಿ ಬೆಳೆಸಿದ್ದಲ್ಲ, ಗುಂಪಿನಲ್ಲಿ ಸುಮ್ಮನೆ ಇದ್ದವು. ಇಲ್ಲಿ ಫ್ಲಾರಿಡಾದಲ್ಲಿ 15 ತಳಿಗಳನ್ನು ನೋಡಿದರು. ರೋಗ ತಡೆದವು 4. ಅದೇ ತಳಿಗಳನ್ನು ಬಿಸಿಗೆ ಬಿಳಿಚಿಕೊಂಡ ಸಮಯದಲ್ಲಿ ಮತ್ತೆ ಪರೀಕ್ಷಿಸಿದಾಗ ಆ 4ರಲ್ಲಿ 2 ಮಾತ್ರ ಗಟ್ಟಿಯಾಗಿ ನಿಂತವು. ರೋಗ ತಡೆಯುವುದು ಒಂದಾದರೆ ಬಿಸಿ ತಡೆಯುವುದು ಇನ್ನೊಂದು, ಬೇಗ ಬೆಳೆಯುವುದು ಮತ್ತೊಂದು. ಎಲ್ಲ ಗುಣವೂ ಒಂದರಲ್ಲೇ ಇರುವುದು ಅಪರೂಪ. ಮುಂದೆ ಯಾವ ಕಷ್ಟ ಬರುತ್ತದೋ ತಿಳಿಯದು, ಹಾಗಾಗಿ ಇವತ್ತು ಸೊರಗಿದಂತೆ ಕಾಣುವ ತಳಿಯನ್ನೂ ಬಿಡುವಂತಿಲ್ಲ. ಒಳ್ಳೆಯದು ಒಂದನ್ನೇ ಆರಿಸಿ ಎಲ್ಲ ಕಡೆ ಹಚ್ಚಿಬಿಡೋಣ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಹಾಗಾದರೆ ಇಲ್ಲಿ ಉಳಿದಿರುವ ಕೆಲವೇ ತಳಿಗಳನ್ನು ತಮ್ಮತಮ್ಮಲ್ಲೇ ಬೆರೆಸಿದರೆ ಸಾಕೇ? ಸಾಲದು. ಈ ನೀರಿನ ಬಿಸಿ ತಾಳುವ ಗುಣ ಇವುಗಳಲ್ಲಿ ಯಾವುದರಲ್ಲೂ ಸಾಕಷ್ಟು ಇಲ್ಲದೇ ಹೋದರೆ ಬೆರೆಸಿ ಬರುವುದೂ ಅದೇ ಅಲ್ಲವೇ. ಹೊರಗಿನಿಂದ ತರಬೇಕು. ಇದನ್ನು ಮೊದಲು ಮಾಡಿ ತೋರಿಸಿದ್ದು ಸ್ಮಿತ್‌ಸೋನಿಯನ್ ಸಂಸ್ಥೆಯ ಮೇರಿ ಹ್ಯಾಗಡಾರ್ನ್ ಮತ್ತು ಜೊತೆಗಾರರು. ಫ್ಲಾರಿಡಾ ಮತ್ತು ಪೋರ್ಟೊ ರಿಕೊದ ಎಲ್ಕ್‌ಹಾರ್ನ್ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, 2018ರಲ್ಲಿ ದಕ್ಷಿಣದ ಕುರಸಾವ್ ದ್ವೀಪದ ಮೊಟ್ಟೆಗಳಿಗೆ ಬೆರೆಸಿದರು. ಹುಟ್ಟಿದ ಮರಿಗಳನ್ನು ವಿಮಾನದಲ್ಲಿ ಫ್ಲಾರಿಡಾಕ್ಕೆ ತಂದು ಸಾಕಿದರು. ಅವು ಚೆನ್ನಾಗಿ ಬೆಳೆದವು, ಆದರೆ ಬೆಳೆದದ್ದು ತೊಟ್ಟಿಯಲ್ಲೇ. ಸಮುದ್ರಕ್ಕೆ ಇಳಿಸುವ ಅನುಮತಿ ಸಿಗಲಿಲ್ಲ. ಕೆರಿಬಿಯನ್ನಿನ ಎಲ್ಕ್‌ಹಾರ್ನ್‌ಗಳಲ್ಲಿ ಪೂರ್ವದ್ದೊಂದು, ಪಶ್ಚಿಮದ್ದೊಂದು ಎಂದು ಎರಡು ದೊಡ್ಡ ಬಳಗಗಳಿವೆ. ಕುರಸಾವ್ ಪೂರ್ವಕ್ಕೆ ಸೇರಿದ್ದು, ಫ್ಲಾರಿಡಾ ಪಶ್ಚಿಮಕ್ಕೆ. ಅಷ್ಟು ದೂರದ್ದನ್ನು ಬೆರೆಸಬಹುದೇ ಎಂಬ ಹಿಂಜರಿಕೆ ಅಧಿಕಾರಿಗಳಿಗೆ ಇತ್ತು.

ಆ ಹಿಂಜರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಂದೂರಿನ ನೀರಿಗೆ ಒಗ್ಗಿದ ಹವಳದ ಜೀನ್‌ಗಳು ಇನ್ನೊಂದೂರಿನದರ ಜೊತೆ ಬೆರೆತರೆ ಮರಿ ಎರಡೂ ಕಡೆಗೆ ಸಲ್ಲದೆ ಹೋಗಬಹುದು. ಹವಳದ ಜೊತೆ ರೋಗಾಣುವೂ ಬರಬಹುದು. ಬಿಸಿ ತಾಳುವ ಹವಳ ಇಲ್ಲಿನ ಚಳಿಗಾಲದ ತಣ್ಣೀರಿಗೆ ಸೋಲಬಹುದು. ಆದರೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಉತ್ತರದ ಬಿಸಿನೀರಿನ ಹವಳವನ್ನು ಐದು ಡಿಗ್ರಿ ಅಕ್ಷಾಂಶ ದಕ್ಷಿಣದ ತಂಪುನೀರಿನ ಹವಳದ ಜೊತೆ ಬೆರೆಸಿ ನೋಡಿದ್ದಾರೆ. ಬಿಸಿನೀರಿನವು ತಾಯಿ ತಂದೆಗಳಾದಾಗ ಮರಿಗಳು ಬಿಸಿ ತಾಳಿ ಬದುಕುವ ಸಾಧ್ಯತೆ ಹತ್ತು ಪಟ್ಟಿನವರೆಗೂ ಹೆಚ್ಚಿತು ಎಂದು 2015ರಲ್ಲಿ ವರದಿಯಾಯಿತು. ತಾಯಿಯ ಕಡೆಯಿಂದ ಬರುವ ಗುಣಕ್ಕೆ ಅಲ್ಲಿ ಹೆಚ್ಚು ತೂಕವಿತ್ತು. ಗುಣ ಮಕ್ಕಳಿಗೆ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ? ಕುರಸಾವ್ ಮೊಟ್ಟೆಗಳಿಂದ ಹುಟ್ಟಿದ 2018ರ ಮರಿಗಳನ್ನು ಆಗಲೇ ಒಂದು ಮೂಲೆಯ ದಿಬ್ಬದಲ್ಲಿ ಇಳಿಸಿ ನೋಡಿದ್ದರೆ 2023ರ ಹೊತ್ತಿಗೆ ನಮಗೆ ಎಷ್ಟೊಂದು ತಿಳಿದಿರುತ್ತಿತ್ತು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೂ ಅಂಥ ಅನುಮತಿ ಸಿಕ್ಕಿದ್ದು ಇನ್ನೊಂದು ಕಡೆಯ ಹವಳಕ್ಕೆ. ಹೊಂಡುರಾಸ್ ದೇಶದ ಉತ್ತರ ಕರಾವಳಿಯಲ್ಲಿ ಟೇಲಾ ಎಂಬ ಊರಿದೆ. ಅಲ್ಲಿಯ ಕೊಲ್ಲಿಯ ನೀರು ಬಿಸಿ, ಕದಡಿದ್ದು. ಹವಳ ಬದುಕುವ ಜಾಗವೆಂದು ಮೇಲ್ನೋಟಕ್ಕೆ ಯಾರೂ ಹೇಳುವುದಿಲ್ಲ. ಆದರೂ ಅಲ್ಲಿ ಹವಳ ದಟ್ಟವಾಗಿದೆ, ಎಲ್ಕ್‌ಹಾರ್ನ್ ಇದೆ. ಮಯಾಮಿ ವಿಶ್ವವಿದ್ಯಾಲಯದ ಆಂಡ್ರೂ ಬೇಕರ್ ಅವರ ತಂಡ ಅಲ್ಲಿಯವರ ಒಪ್ಪಿಗೆ, ಎರಡೂ ದೇಶಗಳ ಪರವಾನಗಿ ಪಡೆದು 2024ರಲ್ಲಿ ಕೆಲವು ತುಂಡುಗಳನ್ನು ಫ್ಲಾರಿಡಾಕ್ಕೆ ತಂದಿತು. ಟ್ಯಾಂಪಾದ ಫ್ಲಾರಿಡಾ ಅಕ್ವೇರಿಯಂ ಅವುಗಳನ್ನು ಇಲ್ಲಿನ ಎಲ್ಕ್‌ಹಾರ್ನ್ ಜೊತೆ ಬೆರೆಸಿ ಮರಿ ಪಡೆಯಿತು. 2025ರ ಬೇಸಗೆಯಲ್ಲಿ ಆ ಮರಿಗಳನ್ನು ಮಯಾಮಿ ಸಮೀಪದ ದಿಬ್ಬದಲ್ಲಿ, ಅಪ್ಪ ಅಮ್ಮ ಇಬ್ಬರೂ ಫ್ಲಾರಿಡಾದವರೇ ಆದ ಮರಿಗಳ ಪಕ್ಕದಲ್ಲೇ ನೆಟ್ಟರು. ಎರಡು ದೇಶಗಳ ಹವಳ ಬೆರೆಸಿ ಹುಟ್ಟಿಸಿ, ಅನುಮತಿ ಪಡೆದು ಸಮುದ್ರಕ್ಕೆ ಇಳಿಸಿದ್ದು ಇದೇ ಮೊದಲು. ಇಲ್ಲಿಯವರು ಅವಕ್ಕೆ 'ಫ್ಲೊಂಡುರನ್' ಎಂದು ಹೆಸರಿಟ್ಟಿದ್ದಾರೆ. ಎರಡರಲ್ಲಿ ಯಾವುದು ಬಿಸಿ ತಾಳುತ್ತದೆ ಎಂದು ಬೇಸಗೆ ಬೇಸಗೆಗೂ ನೋಡಬೇಕು. ಮಗ್ಗುಲಲ್ಲೇ ಫ್ಲಾರಿಡಾದ್ದನ್ನೂ ನೆಟ್ಟದ್ದು ಆ ಹೋಲಿಕೆಗೆ.

ಇದರಿಂದ ಸಮುದ್ರ ಉಳಿಯುತ್ತದೆಯೇ ಎಂದು ನೀವು ಮುಂದಿನ ಪ್ರಶ್ನೆ ಕೇಳುವುದು ಖಂಡಿತ. ನೇರವಾಗಿ ಹೇಳುತ್ತೇನೆ. ಕಲ್ಲಿದ್ದಲು ಪೆಟ್ರೋಲು ಸುಡುವುದು ಇದೇ ರೀತಿ ನಡೆದರೆ ಯಾವ ತಳಿಯೂ ತಾಳುವುದಿಲ್ಲ. 2023ರ ಆರಂಭದಿಂದ ನಡೆದ ಜಾಗತಿಕ ಬಿಳಿಚುವಿಕೆಯಲ್ಲಿ ಪ್ರಪಂಚದ ಹವಳ ದಿಬ್ಬಗಳ ನೂರಕ್ಕೆ 84ರಷ್ಟು ಭಾಗಕ್ಕೆ ಬಿಸಿ ತಟ್ಟಿದೆ. ನಾವು ಬೆರೆಸಿ ನೆಡುವುದರಿಂದ ಒಂದಷ್ಟು ವರ್ಷಗಳ ಕಾಲಾವಕಾಶ ಸಿಗಬಹುದು. ಆ ವರ್ಷಗಳಿಗಾಗಿಯೇ ನಾನಿಲ್ಲಿದ್ದೇನೆ. ಬಿಸಿ ಇಳಿದ ದಿನ ಸಮುದ್ರದಲ್ಲಿ ಬೇರೆ ಬೇರೆ ತಳಿಗಳು ಉಳಿದಿದ್ದರೆ ಅವು ತಾವಾಗಿ ಮುಂದುವರಿಯುತ್ತವೆ. ಕಳೆದುಹೋದ ತಳಿಯನ್ನು ಮತ್ತೆ ಹುಟ್ಟಿಸಲು ಯಾರಿಂದಲೂ ಆಗದು.

ನಮ್ಮ ಪ್ರಜ್ವಲ್ ಡಿಸೆಂಬರಿನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗುತ್ತಾನಂತೆ. ಹವಳದ ಮೇಲೆ ಕಾಲಿಡಬಾರದು, ನೆನಪಿಗೆಂದು ತುಂಡೂ ತರಬಾರದು, ಹವಳ ಕಾನೂನಿನಲ್ಲೂ ರಕ್ಷಿತ ಜೀವಿ ಎಂದು ಹೇಳಿ. ಅವನಿಗೆ ಬಿ.ಎಸ್ಸಿ. ಮುಗಿದ ಮೇಲೆ ಏನು ಓದುವುದೆಂಬ ಗೊಂದಲ ಇದೆಯಲ್ಲ, ಕಾರವಾರದಲ್ಲಿ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ. ಇದೆ. ಮೈಸೂರಿನಲ್ಲೇ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕಚೇರಿ ಇದೆ. ಲಕ್ಷದ್ವೀಪದ ಹವಳಗಳನ್ನು ಅವರು 1998ರ ಬಿಸಿಯ ಕಾಲದಿಂದ ಬಿಡದೆ ನೋಡುತ್ತ ಬಂದಿದ್ದಾರೆ, ಅಲ್ಲಿ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದು ಅವರ ಲೆಕ್ಕ. ಒಮ್ಮೆ ಹೋಗಿ ಮಾತಾಡಿ ಬರಲಿ. ಅಲ್ಲಿ ಯಾವ ದ್ವೀಪದಲ್ಲಿ ಯಾವ ತಳಿ ಉಳಿದಿದೆ, ಯಾವುದು ಯಾವುದರ ಜೊತೆ ಬೆರೆಯುತ್ತಿದೆ ಎಂದು ಕೇಳುವ ಹುಡುಗರು ಇನ್ನೂ ಬೇಕು. ಫ್ಲಾರಿಡಾದಲ್ಲಿ ಆ ಪ್ರಶ್ನೆ ಜೋರಾಗಿ ಎದ್ದದ್ದು ತಡವಾಗಿ, ಲಕ್ಷದ್ವೀಪದಲ್ಲಿ ಇನ್ನೂ ಸಮಯವಿದೆ. ಅವನಿಗೆ ನನ್ನ ನಂಬರು ಕೊಡಿ, ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು,
ಸುಮಾ